ಜೇಬಿಗೊಂದು ಮಡಚುವ ಚಾಕು: ಯಾವುದನ್ನು ಕೊಳ್ಳಬೇಕು, ಹೇಗೆ ನೋಡಿಕೊಳ್ಳಬೇಕು

ದಿನಾ ಜೇಬಿನಲ್ಲೋ ಬ್ಯಾಗಿನಲ್ಲೋ ಇಟ್ಟುಕೊಳ್ಳುವ ಮಡಚುವ ಚಾಕು ಕೊಳ್ಳುವಾಗ ಎಲ್ಲರೂ ಮೊದಲು ಸ್ಟೀಲಿನ ಹೆಸರು ನೋಡುತ್ತಾರೆ. ನಾನು ಮೊದಲು ನೋಡುವುದು ಅಲಗಿನ ದಪ್ಪವನ್ನು. ಅಲಗು ತೆಳುವಾಗಿದ್ದರೆ ಸಾಧಾರಣ ಸ್ಟೀಲೂ ಚೆನ್ನಾಗಿ ಕೊಯ್ಯುತ್ತದೆ. ದಪ್ಪ ಅಲಗು ಎಷ್ಟೇ ದುಬಾರಿಯದ್ದಾಗಿದ್ದರೂ ಸೌತೆಕಾಯಿ ಹೋಳಾಗುವುದಿಲ್ಲ, ಟಪ್ ಅಂತ ಸೀಳಿಹೋಗುತ್ತದೆ. ಹೀಗಾಗಿ ನಾಲ್ಕು ಬಗೆಯ ಚಾಕುಗಳ ಈ ಹೋಲಿಕೆಯಲ್ಲಿ ನಾನು ತೆಳು ಅಲಗಿನ ಪಕ್ಷ. ಅದು ಗೊತ್ತಿದ್ದೇ ಮುಂದೆ ಓದಿ.

ನಮಗೆ ಚಾಕು ಬೇಕಾಗುವುದು ಯಾವುದಕ್ಕೆ? ಕೊರಿಯರ್ ಡಬ್ಬದ ಟೇಪು ಕತ್ತರಿಸಲು, ಗೊಬ್ಬರದ ಚೀಲದ ಹೊಲಿಗೆ ಬಿಚ್ಚಲು, ಸುತಲಿ ಕೊಯ್ಯಲು, ಪ್ರಯಾಣದಲ್ಲಿ ಸೀಬೆಹಣ್ಣು ಹೆಚ್ಚಿ ಉಪ್ಪು ಖಾರ ಹಾಕಿಕೊಳ್ಳಲು, ತೋಟದಲ್ಲಿ ಬಳ್ಳಿ ಕಟ್ಟುವಾಗ ದಾರ ತುಂಡರಿಸಲು. ಇವಕ್ಕೆಲ್ಲ ಆರೇಳು ಸೆಂಟಿಮೀಟರ್ ಅಲಗು ಸಾಕು. ಎಳನೀರು ಕೊಚ್ಚಲು ಮಚ್ಚು ಬೇಕು, ಅಡಿಕೆಗೆ ಅಡಕತ್ತರಿ ಬೇಕು. ಆ ಕೆಲಸಗಳನ್ನು ಜೇಬಿನ ಚಾಕುವಿನಿಂದ ಮಾಡಿಸಲು ಹೋಗಬೇಡಿ. ಕಸಿ ಕಟ್ಟುವವರಿಗೂ ಒಂದು ಮಾತು: ಕಸಿ ಚಾಕುವಿನ ಬಾಯಿಯನ್ನು ಒಂದೇ ಮಗ್ಗುಲಿಗೆ ಮಸೆದಿರುತ್ತಾರೆ, ಇನ್ನೊಂದು ಮಗ್ಗುಲು ಚಪ್ಪಟೆ. ಅದರಿಂದಲೇ ಕೊಯ್ದ ಜಾಗ ಸಮತಟ್ಟಾಗಿ ಬರುವುದು. ಎರಡೂ ಕಡೆ ಮಸೆದ ಮಾಮೂಲಿ ಚಾಕು ಅದಕ್ಕೆ ಸರಿಹೋಗುವುದಿಲ್ಲ.

ಕಣದಲ್ಲಿರುವವು

ಮೊದಲನೆಯದು ಎಲ್ಲರಿಗೂ ಗೊತ್ತಿರುವ ಸ್ವಿಸ್ ಚಾಕು, ವಿಕ್ಟೋರಿನಾಕ್ಸ್. ಸ್ವಿಟ್ಜರ್ಲೆಂಡಿನ ಇಬಾಖ್ ಎಂಬ ಊರಿನಲ್ಲಿ ಕಾರ್ಲ್ ಎಲ್ಸೆನರ್ 1884ರಲ್ಲಿ ಚಾಕು ಕಾರ್ಖಾನೆ ಶುರುಮಾಡಿದರು. 1891ರಲ್ಲಿ ಸ್ವಿಸ್ ಸೈನ್ಯಕ್ಕೆ ಚಾಕು ಕೊಟ್ಟರು. ನಾವು ಇವತ್ತು ನೋಡುವ ಕೆಂಪು ಹಿಡಿಯ ಚಾಕುವಿನ ಮೂಲ 1897ರದ್ದು. ಒಂದೇ ಸ್ಪ್ರಿಂಗು ಹಿಡಿಯ ಎರಡೂ ಕಡೆಯ ಸಲಕರಣೆಗಳನ್ನು ತಡೆದು ಹಿಡಿಯುವಂತೆ ಮಾಡಿದ್ದೇ ಆಗಿನ ದೊಡ್ಡ ಜಾಣತನ.

ಇದರಲ್ಲಿ ನೂರಾರು ಮಾದರಿ ಇವೆ, ಹೊಸಬರು ಅಲ್ಲೇ ಕಂಗಾಲಾಗುತ್ತಾರೆ. ನಿಜಕ್ಕೂ ನೋಡಬೇಕಾದದ್ದು ಮಡಚಿದಾಗಿನ ಉದ್ದ. 58 ಮಿ.ಮೀ. ಅಳತೆಯ ಕ್ಲಾಸಿಕ್ ಎಸ್‌ಡಿ ಕೀಲಿ ಗೊಂಚಲಿಗೆ ಹಾಕಿಕೊಳ್ಳುವಂಥದ್ದು. ಒಂದು ಪುಟ್ಟ ಅಲಗು, ಕತ್ತರಿ, ಉಗುರು ಉಜ್ಜುವ ಅರ. ಆಫೀಸಿಗೆ ಹೋಗಿ ಬರುವವರಿಗೆ ಇಷ್ಟೇ ಸಾಕು ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಹಣ್ಣು ಹೆಚ್ಚಬೇಕು ಅನ್ನುವವರು 91 ಮಿ.ಮೀ. ಅಳತೆಗೆ ಹೋಗಿ. ಅದರಲ್ಲಿ ಸ್ಪಾರ್ಟನ್ ಹಗುರ, ಸರಳ. ಕತ್ತರಿಯೂ ಬೇಕೆಂದರೆ ಕ್ಲೈಂಬರ್. ಸ್ಪಾರ್ಟನ್ನಿನಲ್ಲಿ ಬಾಟಲಿಯ ಬಿರಡೆ ಕೀಳುವ ತಿರುಪು ನಮ್ಮಲ್ಲಿ ಹೆಚ್ಚಿನವರಿಗೆ ಬೇಡ ಅನ್ನಿಸಬಹುದು. ಆದರೆ ಬಿಗಿದ ಗಂಟು ಬಿಚ್ಚಲು ಅದರಷ್ಟು ಒಳ್ಳೆಯ ಸಾಧನ ಇನ್ನೊಂದಿಲ್ಲ. ತುದಿಯನ್ನು ಗಂಟಿನೊಳಗೆ ತೂರಿಸಿ ತಿರುಗಿಸಿದರೆ ಎಂಥ ಗಂಟೂ ಸಡಿಲವಾಗುತ್ತದೆ.

ವಿಕ್ಟೋರಿನಾಕ್ಸ್‌ನ ತೊಂದರೆ ಎರಡು. ಈ ಅಳತೆಗಳಲ್ಲಿ ತೆರೆದ ಅಲಗು ಮಡಚಿಕೊಳ್ಳದಂತೆ ಹಿಡಿಯುವ ಲಾಕ್ ಇಲ್ಲ. ಇನ್ನೊಂದು, ತೆರೆಯಲು ಉಗುರು ಬೇಕು. ಹೊಸ ಚಾಕು ಬಿಗಿಯಾಗಿರುತ್ತದೆ, ಉಗುರನ್ನು ತೀರಾ ಗಿಡ್ಡವಾಗಿ ಕತ್ತರಿಸುವವರಿಗೆ ಕಷ್ಟ. ಸ್ವಲ್ಪ ದಿನ ಬಳಸಿದ ಮೇಲೆ ಸರಾಗವಾಗುತ್ತದೆ. ನಕಲಿ ಮಾಲು ಬೇಕಾದಷ್ಟಿದೆ. ಅಲಗಿನ ಬುಡದಲ್ಲಿ ಕಂಪನಿಯ ಹೆಸರೂ ‘ಸ್ವಿಸ್ ಮೇಡ್’ ಅನ್ನುವ ಅಚ್ಚೂ ಸ್ಪಷ್ಟವಾಗಿರಬೇಕು. ಮುಚ್ಚುವಾಗ ಅಲಗು ಟಕ್ ಎಂದು ತಾನೇ ಒಳಕ್ಕೆ ಹೋಗಿ ಕೂರಬೇಕು. ನಕಲಿಯಲ್ಲಿ ಈ ಸದ್ದು ಸಾಮಾನ್ಯವಾಗಿ ಸತ್ತಿರುತ್ತದೆ.

ಎರಡನೆಯದು ಫ್ರಾನ್ಸಿನ ಒಪಿನೆಲ್. ನನಗೆ ಅತಿ ಇಷ್ಟವಾದದ್ದು ಇದು, ಮುಚ್ಚಿಡುವುದಿಲ್ಲ. ಆಲ್ಪ್ಸ್ ತಪ್ಪಲಿನ ಸವೊಯ್ ಪ್ರಾಂತ್ಯದ ಜೋಸೆಫ್ ಒಪಿನೆಲ್ 1890ರಲ್ಲಿ ಮಾಡಿದ ರೈತರ ಚಾಕು. ಬೀಚ್ ಮರದ ಹಿಡಿ, ಒಂದು ಅಲಗು, ಒಂದು ಮೊಳೆ, ಒಂದು ಉಂಗುರ. ಅಷ್ಟೇ. ಅಳತೆಗೆ ನಂಬರು ಇರುತ್ತದೆ. 8ನೇ ನಂಬರಿನ ಅಲಗು ಎಂಟೂವರೆ ಸೆಂಟಿಮೀಟರ್, ಹೆಚ್ಚು ಮಾರಾಟವಾಗುವುದು ಅದೇ. ಜೇಬಿಗೆ 7 ಅಥವಾ 6 ವಾಸಿ. ಹಿಡಿಯ ಕುತ್ತಿಗೆಯಲ್ಲಿರುವ ಉಕ್ಕಿನ ಉಂಗುರವನ್ನು ತಿರುಗಿಸಿದರೆ ಅಲಗು ಮಡಚಿಕೊಳ್ಳದಂತೆ ಲಾಕ್ ಆಗುತ್ತದೆ. ಈ ಉಂಗುರ ಬಂದದ್ದು 1955ರಲ್ಲಿ. ಅಲಗಿನ ಬೆನ್ನು ಎರಡು ಮಿಲಿಮೀಟರ್ ಕೂಡ ಇಲ್ಲ, ಅಲ್ಲಿಂದ ಬಾಯಿಯವರೆಗೂ ಸವೆದುಕೊಂಡು ಬಂದಿರುತ್ತದೆ. ಮಾವಿನಕಾಯಿಯ ಮೇಲಿಟ್ಟು ಎಳೆದರೆ ಸಾಕು, ಒತ್ತಬೇಕಿಲ್ಲ. ಕಾಗದದಷ್ಟು ತೆಳುವಾದ ಹೋಳು ಬರುತ್ತದೆ.

ಮಳೆಗಾಲದಲ್ಲಿ ಇದರ ಇನ್ನೊಂದು ಮುಖ ಕಾಣುತ್ತದೆ. ಮರ ನೀರು ಕುಡಿದು ಉಬ್ಬಿ ಅಲಗನ್ನು ಕಚ್ಚಿ ಹಿಡಿಯುತ್ತದೆ. ಸವೊಯ್ ರೈತರು ಇದಕ್ಕೊಂದು ಉಪಾಯ ಮಾಡುತ್ತಾರೆ. ಉಂಗುರ ಬಿಡಿಸಿ, ಹಿಡಿಯ ಹಿಂಬದಿಯನ್ನು ಮೇಜಿಗೆ ಒಮ್ಮೆ ಕುಟ್ಟಿದರೆ ಅಲಗಿನ ತುದಿ ಸ್ವಲ್ಪ ಹೊರಗೆ ಬರುತ್ತದೆ. ಆಮೇಲೆ ಹಿಡಿದು ಎಳೆಯಬಹುದು. ಆಗುಂಬೆ, ಮಡಿಕೇರಿ ಕಡೆಯ ಆಷಾಢದ ಗಾಳಿಯಲ್ಲಿ ಈ ಉಪಾಯ ದಿನಾ ಬೇಕಾಗಬಹುದು. ಕೊಂಡ ಹೊಸದರಲ್ಲೇ ಹಿಡಿಯ ಸೀಳಿನೊಳಕ್ಕೆ ಕರಗಿದ ಜೇನುಮೇಣ ಬಿಟ್ಟು, ಬಿಸಿ ಗಾಳಿ ಹಿಡಿದು ಮರಕ್ಕೆ ಇಂಗಿಸಿದರೆ ತೊಂದರೆ ಎಷ್ಟೋ ಕಡಿಮೆಯಾಗುತ್ತದೆ.

ಮೂರನೆಯದು ಜಪಾನಿನ ಹಿಗೊನೊಕಾಮಿ. ಮಿಕಿ ಎಂಬ ಊರಿನದ್ದು. ಮಡಚಿದ ತಗಡಿನ ಹಿಡಿ, ಅಲಗಿನ ಹಿಂದೆ ಒಂದು ಬಾಲ. ಆ ಬಾಲವನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದಿರುವುದೇ ಅದರ ಲಾಕ್. ಸ್ಪ್ರಿಂಗೂ ಇಲ್ಲ. ಪೆನ್ಸಿಲ್ ಚೂಪು ಮಾಡಲು, ಮರ ಕೆತ್ತಲು ಬಹಳ ಚೆಂದ. ಆದರೆ ಸಾಮಾನ್ಯವಾಗಿ ತುಕ್ಕು ಹಿಡಿಯುವ ಸ್ಟೀಲು, ಜೇಬಿನಲ್ಲಿ ತಾನೇ ತೆರೆದುಕೊಳ್ಳುವ ಭಯ ಬೇರೆ. ಇದನ್ನು ಮೇಜಿನ ಮೇಲೆ ಇಟ್ಟುಕೊಳ್ಳಿ.

ನಾಲ್ಕನೆಯದು ಈಗಿನ ಕಾಲದ ಕ್ಲಿಪ್ಪಿನ ಚಾಕುಗಳು. ಒಂದೇ ಕೈಯಲ್ಲಿ ಹೆಬ್ಬೆರಳಿನಿಂದ ತೆರೆಯಬಹುದು, ಜೇಬಿನ ಅಂಚಿಗೆ ಸಿಕ್ಕಿಸಿಕೊಳ್ಳಬಹುದು. ಅಮೆರಿಕದ ಸ್ಪೈಡರ್ಕೊ 1981ರಲ್ಲಿ ಅಲಗಿಗೆ ಗುಂಡನೆ ತೂತು, ಹಿಡಿಗೆ ಕ್ಲಿಪ್ಪು ಹಾಕಿ ಈ ದಾರಿ ತೋರಿಸಿತು. ಈಗ ಚೀನಾದ ಗಾಂಜೊ ಥರದ ಕಂಪನಿಗಳು ಕಡಿಮೆ ಬೆಲೆಗೆ ಗಟ್ಟಿ ಮಾಲು ಕೊಡುತ್ತಿವೆ. ಏಣಿಯ ಮೇಲೆ ನಿಂತು ಒಂದು ಕೈಯಲ್ಲಿ ವೈರು ಹಿಡಿದಿರುವ ಎಲೆಕ್ಟ್ರಿಷಿಯನ್‌ಗೆ, ಗೋಡೌನಿನಲ್ಲಿ ದಿನವಿಡೀ ಪಟ್ಟಿ ಕೊಯ್ಯುವವರಿಗೆ ಇದೇ ಸರಿ. ಉಳಿದವರಿಗೆ ಇದರ ಅಲಗು ಜಾಸ್ತಿ ದಪ್ಪ. ಬೆನ್ನು ಮೂರು, ಮೂರೂವರೆ ಮಿಲಿಮೀಟರ್ ಇರುವುದು ಸಾಮಾನ್ಯ. ಕೊಳ್ಳುವುದೇ ಆದರೆ ಎರಡೂವರೆ ಮಿಲಿಮೀಟರ್ ಸುತ್ತಮುತ್ತ ಇರುವುದನ್ನು ಹುಡುಕಿ. ಇನ್ನೊಂದು ವಿಷಯ, ಇಂಥ ಚಾಕುವಿನ ರೂಪ ಒರಟು. ಬಸ್ಸಿನಲ್ಲಿ ಇದನ್ನು ಫಟ್ ಅಂತ ತೆರೆದರೆ ಪಕ್ಕದವರು ಹೆದರುತ್ತಾರೆ. ಮರದ ಹಿಡಿಯ ಒಪಿನೆಲ್ ತೆರೆದರೆ ಒಂದು ಹೋಳು ಕೊಡಿ ಅನ್ನುತ್ತಾರೆ. ದಿನಾ ಜನರ ಮಧ್ಯೆ ಬಳಸುವ ವಸ್ತುವಿಗೆ ಇದು ಸಣ್ಣ ವಿಷಯ ಅಲ್ಲ.

ಜಾತ್ರೆಯಲ್ಲಿ, ಸಂತೆಯಲ್ಲಿ ಸಿಗುವ ಅಗ್ಗದ ಮಡಚುವ ಚಾಕು ಬಗ್ಗೆ ಹೆಚ್ಚು ಹೇಳುವುದಿಲ್ಲ. ಸ್ಪ್ರಿಂಗು ಸಡಿಲ, ಅಲಗು ಮೆದು. ಬೆರಳಿನ ಮೇಲೆ ಮಡಚಿಕೊಳ್ಳುವ ಚಾಕು ಎಷ್ಟು ಅಗ್ಗವಾದರೂ ಬೇಡ.

ಲಾಕ್ ಬೇಕೇ?

ಬಾಯಿಯನ್ನು ತನ್ನ ಕಡೆಗೆ ಎಳೆದು ಕೊಯ್ಯುವಾಗ ಅಲಗು ಇನ್ನಷ್ಟು ತೆರೆದುಕೊಳ್ಳಲು ನೋಡುತ್ತದೆ, ಮಡಚಿಕೊಳ್ಳುವುದಿಲ್ಲ. ಹಾಗಾಗಿ ಹಣ್ಣು, ದಾರ, ಟೇಪಿಗೆ ಲಾಕ್ ಇಲ್ಲದಿದ್ದರೂ ಏನೂ ಆಗುವುದಿಲ್ಲ. ಅಪಾಯ ಇರುವುದು ತುದಿಯಿಂದ ಚುಚ್ಚುವಾಗ, ತೂತು ಕೊರೆಯುವಾಗ. ಪ್ಲಾಸ್ಟಿಕ್ ಡ್ರಮ್ಮಿಗೆ ತೂತು ಮಾಡಲು ಹೋಗಿ ಬೆರಳು ಕೊಯ್ದುಕೊಳ್ಳುವುದು ಹೀಗೆಯೇ. ಅಂಥ ಕೆಲಸ ಆಗಾಗ ಇದ್ದರೆ ಲಾಕ್ ಇರುವುದನ್ನೇ ಕೊಳ್ಳಿ.

ಲಾಕಿನಲ್ಲೂ ವ್ಯತ್ಯಾಸ ಇದೆ. ಲೈನರ್ ಲಾಕ್ ಎಂದರೆ ಹಿಡಿಯೊಳಗಿನ ತಗಡು ಪಕ್ಕಕ್ಕೆ ಸರಿದು ಅಲಗಿನ ಬುಡಕ್ಕೆ ಅಡ್ಡ ನಿಲ್ಲುವುದು. ಬಿಡಿಸುವಾಗ ಹೆಬ್ಬೆರಳು ಅಲಗಿನ ದಾರಿಯಲ್ಲೇ ಇರುತ್ತದೆ, ಅಭ್ಯಾಸವಾಗುವವರೆಗೆ ನಿಧಾನ ಮಾಡಿ. ಬ್ಯಾಕ್ ಲಾಕ್‌ನಲ್ಲಿ ಹಿಡಿಯ ಬೆನ್ನ ಮೇಲಿನ ಪಟ್ಟಿ ಒತ್ತಬೇಕು. ಒಪಿನೆಲ್ಲಿನ ಉಂಗುರದಲ್ಲಿ ಬೆರಳು ಸಂಪೂರ್ಣ ದೂರ ಇರುತ್ತದೆ, ಆದರೆ ತಿರುಗಿಸಲು ಮರೆತರೆ ಲಾಕ್ ಇಲ್ಲದಂತೆಯೇ ಲೆಕ್ಕ. ಅಂಗಡಿಯಲ್ಲಿ ನೋಡುವಾಗ ಅಲಗು ತೆರೆದು, ಬೆರಳುಗಳನ್ನು ಅಲಗಿನ ದಾರಿಯಿಂದ ಪೂರ್ತಿ ಆಚೆ ಇಟ್ಟು, ಬೆನ್ನನ್ನು ಮೇಜಿನ ಅಂಚಿಗೆ ಮೆಲ್ಲಗೆ ಒತ್ತಿ ನೋಡಿ. ಜರುಗಿದರೆ ವಾಪಸ್ ಇಟ್ಟುಬಿಡಿ.

ಕಾನೂನು

ನಮ್ಮ ದೇಶದ 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗಿನ ಚಾಕುಗಳು ಆಯುಧದ ಪಟ್ಟಿಗೆ ಸೇರುತ್ತವೆ. ಮನೆಗೆಲಸ, ಬೇಸಾಯ, ಕೈಗಾರಿಕೆಗಾಗಿ ಮಾಡಿದವು ಅದಕ್ಕೆ ಹೊರತು. ಮೇಲೆ ಹೇಳಿದ ಯಾವ ಚಾಕುವೂ ಆ ಅಳತೆಯ ಹತ್ತಿರಕ್ಕೂ ಬರುವುದಿಲ್ಲ. ಹಾಗಂತ ಎಲ್ಲಿ ಬೇಕಾದರೂ ಒಯ್ಯಬಹುದು ಅಂತಲ್ಲ. ಬಟನ್ ಒತ್ತಿದರೆ ಚಿಮ್ಮುವ ಚಾಕು ಬೇಡವೇ ಬೇಡ. ದೆಹಲಿಯಲ್ಲಿ ಅಂಥದ್ದರ ಮೇಲೆ ಪ್ರತ್ಯೇಕ ಅಧಿಸೂಚನೆಯೇ ಇದೆ, ಅಲ್ಲಿ ಲೆಕ್ಕ ಶುರುವಾಗುವುದು 7.62 ಸೆಂಟಿಮೀಟರ್ ಅಲಗಿನಿಂದ. ಊರಿನಲ್ಲಿ ಗಲಾಟೆ, ಚುನಾವಣೆ ಅಂತ ನಿಷೇಧಾಜ್ಞೆ ಹಾಕಿದ್ದಾಗ ಚಾಕು ಮನೆಯಲ್ಲೇ ಇರಲಿ. ಮೊದಲು 144ನೇ ಕಲಂ ಎನ್ನುತ್ತಿದ್ದದ್ದು 2024ರ ಜುಲೈಯಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಎಂಬ ಹೊಸ ಕಾನೂನಿನ 163ನೇ ಕಲಂ ಆಗಿದೆ. ಅಂಥ ಆದೇಶಗಳಲ್ಲಿ ಮಾರಕ ವಸ್ತು ಒಯ್ಯಬಾರದು ಎಂಬ ಸಾಲು ಸಾಮಾನ್ಯವಾಗಿ ಇದ್ದೇ ಇರುತ್ತದೆ.

ವಿಮಾನದಲ್ಲಿ ಕೈಚೀಲದೊಳಗೆ ಒಯ್ಯುವಂತಿಲ್ಲ, ಚೆಕ್-ಇನ್ ಬ್ಯಾಗಿನಲ್ಲಿ ಹಾಕಿ. ಕೋರ್ಟು, ಮಾಲ್, ಮೆಟ್ರೊ ಬಾಗಿಲುಗಳಲ್ಲೂ ಬ್ಯಾಗ್ ಸ್ಕ್ಯಾನ್ ಆಗುತ್ತದೆ. ಕೀಲಿ ಗೊಂಚಲಿನಲ್ಲಿ ಪುಟ್ಟ ಚಾಕು ಇರುವುದನ್ನೇ ಮರೆತು ಏರ್‌ಪೋರ್ಟಿನಲ್ಲಿ ಕಳೆದುಕೊಂಡವರು ಎಷ್ಟೋ ಜನ. ಲಂಡನ್ನಿನಲ್ಲಿರುವ ಕನ್ನಡಿಗರು ಇನ್ನೊಂದು ನೆನಪಿಡಬೇಕು. ಬ್ರಿಟನ್ನಿನಲ್ಲಿ ಕಾರಣ ಹೇಳದೆ ಇಟ್ಟುಕೊಳ್ಳಬಹುದಾದದ್ದು 3 ಇಂಚಿನೊಳಗಿನ, ಲಾಕ್ ಇಲ್ಲದ ಮಡಚುವ ಚಾಕು ಮಾತ್ರ. ಅಲ್ಲಿ 8ನೇ ನಂಬರಿನ ಒಪಿನೆಲ್ ತಪ್ಪು, ಸ್ಪಾರ್ಟನ್ ಸರಿ. ಜರ್ಮನಿಯಲ್ಲಿ ಒಂದೇ ಕೈಯಲ್ಲಿ ತೆರೆದು ಲಾಕ್ ಆಗುವ ಚಾಕುಗಳಿಗೆ ನಿರ್ಬಂಧ ಇದೆ.

ಸ್ಟೀಲಿನ ವಿಷಯ

ದಪ್ಪ ನೋಡಿದ ಮೇಲೆ ಸ್ಟೀಲಿಗೆ ಬರೋಣ. ಇಂಗಾಲ ಜಾಸ್ತಿಯಾದರೆ ಬಾಯಿ ಗಟ್ಟಿ. ಕ್ರೋಮಿಯಂ ಸಾಕಷ್ಟಿದ್ದರೆ ತುಕ್ಕು ಕಡಿಮೆ. ವಿಕ್ಟೋರಿನಾಕ್ಸ್ ಸ್ಟೀಲಿನಲ್ಲಿ ಇಂಗಾಲ 0.55, ಕ್ರೋಮಿಯಂ 14 ಪರ್ಸೆಂಟ್ ಸುಮಾರು. ಬೇಗ ಮೊಂಡಾಗುತ್ತದೆ, ಅಷ್ಟೇ ಬೇಗ ಮಸೆಯಬಹುದು. ಚೀನಾದ ಚಾಕುಗಳಲ್ಲಿ ಕಾಣುವ ಡಿ2 ಸ್ಟೀಲಿನಲ್ಲಿ ಇಂಗಾಲ ಒಂದೂವರೆ ಪರ್ಸೆಂಟ್. ಹರಿತ ಬಹಳ ದಿನ ನಿಲ್ಲುತ್ತದೆ, ಆದರೆ ಮಾಮೂಲಿ ಕಲ್ಲಿನಲ್ಲಿ ಮಸೆಯಲು ಕೈ ಸೋಲುತ್ತದೆ. ಪೂರ್ತಿ ಸ್ಟೇನ್‌ಲೆಸ್ ಕೂಡ ಅಲ್ಲ, ಮಂಗಳೂರು ಕಾರವಾರದ ಉಪ್ಪು ಗಾಳಿಗೆ ಚುಕ್ಕೆ ಬೀಳುತ್ತದೆ. ಸ್ಟೀಲಿನ ಹೆಸರು ಬರೀ ‘440’ ಎಂದು ಬರೆದಿದ್ದರೆ ಅದರಲ್ಲಿ ಯಾವ ಬಗೆ ಎಂದು ಕೇಳಿ ತಿಳಿದುಕೊಳ್ಳಿ. 440ಸಿ ಒಳ್ಳೆಯದು, 440ಎ ಅದಕ್ಕಿಂತ ಮೆದು.

ಒಪಿನೆಲ್‌ನಲ್ಲಿ ಕಾರ್ಬನ್, ಸ್ಟೇನ್‌ಲೆಸ್ ಎರಡೂ ಸಿಗುತ್ತವೆ. ಕಾರ್ಬನ್ ಅಲಗಿಗೆ ಆಗುವುದೇನು ಅಂತ ನಮ್ಮ ಮನೆಯ ಈಳಿಗೆಮಣೆ ನೋಡಿದವರಿಗೆ ಗೊತ್ತು. ಬಾಳೆಕಾಯಿ ಹೆಚ್ಚಿದರೆ ಕಪ್ಪಾಗುತ್ತದೆ. ಆ ಬೂದು ಕಪ್ಪು ಪದರ ಕೆಟ್ಟದ್ದಲ್ಲ, ಕೆಳಗಿನ ಉಕ್ಕನ್ನು ಕಾಯುತ್ತದೆ. ಉಜ್ಜಿ ತೆಗೆಯಬೇಡಿ. ತೆಗೆಯಬೇಕಾದದ್ದು ಕೆಂಪು ತುಕ್ಕನ್ನು ಮಾತ್ರ. ಬಳಸಿದ ತಕ್ಷಣ ಒರೆಸುವ ಅಭ್ಯಾಸ ಇದ್ದರೆ ಕಾರ್ಬನ್ ಕೊಳ್ಳಿ, ಹರಿತ ಏರುವುದು ಸಲೀಸು. ಮಲೆನಾಡು, ಕರಾವಳಿಯಲ್ಲಿದ್ದು ಮರೆವೂ ಇದ್ದರೆ ಸ್ಟೇನ್‌ಲೆಸ್.

ನೋಡಿಕೊಳ್ಳುವುದು

ಕೊಳೆ ಮೊದಲು ಸೇರುವುದು ಕೀಲಿನಲ್ಲಿ. ಜೇಬಿನ ನೂಲು, ಹಣ್ಣಿನ ರಸ, ಧೂಳು ಸೇರಿ ಅಂಟಾಗುತ್ತದೆ. ಸ್ವಿಸ್ ಚಾಕುವನ್ನು ಬೆಚ್ಚಗಿನ ಸೋಪು ನೀರಿನಲ್ಲಿ ಹಿಡಿದು ಅಲಗನ್ನು ಹಲವು ಸಲ ತೆರೆದು ಮುಚ್ಚಿ. ಹಳೆ ಟೂತ್‌ಬ್ರಶ್ಶಿನಿಂದ ಒಳಗೆ ಉಜ್ಜಿ, ಒಳ್ಳೆಯ ನೀರಿನಲ್ಲಿ ತೊಳೆದು, ತೆರೆದಿಟ್ಟು ಪೂರ್ತಿ ಒಣಗಿಸಿ. ಮರದ ಹಿಡಿಯದ್ದನ್ನು ಮಾತ್ರ ನೀರಿನಲ್ಲಿ ಮುಳುಗಿಸಬೇಡಿ, ಒದ್ದೆ ಬಟ್ಟೆ ಸಾಕು.

ಆಮೇಲೆ ಕೀಲಿಗೆ ಒಂದೇ ಒಂದು ಹನಿ ಎಣ್ಣೆ. ಕೊಬ್ಬರಿ ಎಣ್ಣೆ ಬೇಡ. ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತದೆ, ದಿನ ಕಳೆದಂತೆ ಜಿಗುಟಾಗಿ ಧೂಳು ಹಿಡಿಯುತ್ತದೆ. ಹೊಲಿಗೆ ಮೆಷಿನ್ನಿನ ಎಣ್ಣೆ ಕೀಲಿಗೆ ಚೆನ್ನ, ಆದರೆ ಅದು ತಿನ್ನುವ ಪದಾರ್ಥಕ್ಕೆ ತಾಗಬಾರದು. ಹಣ್ಣು ತರಕಾರಿ ಕೊಯ್ಯುವ ಚಾಕುವಿಗೆ ಮೆಡಿಕಲ್ ಶಾಪಿನಲ್ಲಿ ಸಿಗುವ ಲಿಕ್ವಿಡ್ ಪ್ಯಾರಾಫಿನ್ ತನ್ನಿ. ಮಲಬದ್ಧತೆಗೆ ಕುಡಿಯಲು ಕೊಡುವ ಎಣ್ಣೆ ಅದು, ಬಣ್ಣ ವಾಸನೆ ಇಲ್ಲ, ಕೆಡುವುದೂ ಇಲ್ಲ. ಬೇರೆ ಔಷಧ ಬೆರೆಸದ, ಬರೀ ಪ್ಯಾರಾಫಿನ್ ಇರುವ ಬಾಟಲಿ ಕೇಳಿ ತನ್ನಿ. ಅಲಗಿಗೂ ಅದನ್ನೇ ತೆಳುವಾಗಿ ಸವರಬಹುದು.

ಕೊಬ್ಬರಿ ಎಣ್ಣೆಗೆ ಬೇರೆ ಎರಡು ಕೆಲಸ ಇವೆ. ಹಲಸು ಕೊಯ್ಯುವ ಮೊದಲು ಅಲಗಿಗೆ ಬಳಿದರೆ ಮೇಣ ಹತ್ತುವುದಿಲ್ಲ. ಹಾಗೆಯೇ ಪಾರ್ಸೆಲ್ ಟೇಪಿನ ಅಂಟು ಅಲಗಿಗೆ ಮೆತ್ತಿಕೊಂಡಾಗ ಎಣ್ಣೆ ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ಒರೆಸಿದರೆ ಬಂದುಬಿಡುತ್ತದೆ. ಬೆರಳನ್ನು ಬೆನ್ನಿನಿಂದ ಬಾಯಿಯ ಕಡೆಗೆ ಒಯ್ಯಿರಿ, ಬಾಯಿಯ ಉದ್ದಕ್ಕೆ ಒಯ್ಯಬೇಡಿ. ಮಡಚುವ ಚಾಕುವಿನಲ್ಲಿ ಪೂರ್ತಿ ಹಲಸು ಬಿಡಿಸುವುದು ಮಾತ್ರ ಬೇಡ, ಕೀಲಿನೊಳಗೆ ಮೇಣ ಹೋದರೆ ಬಿಡಿಸುವುದು ದೊಡ್ಡ ಪಾಡು.

ಇನ್ನು ಮಸೆಯುವುದು. ಸೈಕಲ್ಲಿನ ಮೇಲೆ ಸಾಣೆ ಹಿಡಿಯುವವರ ಹತ್ತಿರ ಕತ್ತರಿ, ಕುಡುಗೋಲು ಕೊಡಿ, ತೆಳು ಅಲಗಿನ ಜೇಬಿನ ಚಾಕು ಕೊಡಬೇಡಿ. ಒಣ ಚಕ್ರದಲ್ಲಿ ಕಿಡಿ ಹಾರುವಷ್ಟು ಉಜ್ಜಿದರೆ ಬಾಯಿ ಕಾಯುತ್ತದೆ. ತುದಿ ನೀಲಿ ಬಣ್ಣಕ್ಕೆ ತಿರುಗಿದರೆ ಅಲ್ಲಿಯ ಹದ ಹೋಯಿತು ಎಂದೇ ಅರ್ಥ. ಆಮೇಲೆ ಆ ಜಾಗದಲ್ಲಿ ಹರಿತ ನಿಲ್ಲುವುದಿಲ್ಲ.

ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ, ಒಂದು ಕಡೆ ಒರಟು ಇನ್ನೊಂದು ಕಡೆ ನಯ ಇರುವ ಕಾರ್ಬೊರಂಡಂ ಕಲ್ಲು ವಿಕ್ಟೋರಿನಾಕ್ಸ್, ಒಪಿನೆಲ್ ಎರಡಕ್ಕೂ ಸಾಕು. ನೀರು ಹಾಕಿ ನೆನೆಸಿ, ಕೆಳಗೆ ಒದ್ದೆ ಬಟ್ಟೆ ಹಾಸಿ ಕಲ್ಲು ಜಾರದಂತೆ ಇಡಿ. ಕಷ್ಟ ಇರುವುದು ಕೋನ ಹಿಡಿಯುವುದರಲ್ಲಿ. ಎರಡು ಸೆಂಟಿಮೀಟರ್ ಅಗಲದ ಅಲಗಾದರೆ ಬೆನ್ನನ್ನು ಕಲ್ಲಿನಿಂದ ಐದಾರು ಮಿಲಿಮೀಟರ್ ಎತ್ತಿ ಹಿಡಿಯಬೇಕು, ಅಂದರೆ 15ರಿಂದ 17 ಡಿಗ್ರಿ. ಮೂರ್ನಾಲ್ಕು ರೂಪಾಯಿ ನಾಣ್ಯ ಒಂದರ ಮೇಲೊಂದು ಇಟ್ಟಷ್ಟು ಎತ್ತರ. ಸರಿಯಾಗಿ ತಾಗುತ್ತಿದೆಯೇ ಎಂದು ತಿಳಿಯಲು ಬಾಯಿಯ ಉದ್ದಕ್ಕೂ ಮಾರ್ಕರ್ ಪೆನ್ನಿನ ಮಸಿ ಬಳಿಯಿರಿ. ಎರಡು ಸಲ ಎಳೆದು ನೋಡಿ. ಮಸಿ ಬಾಯಿಯ ಅಂಚಿನಲ್ಲೇ ಅಳಿಸಿದ್ದರೆ ಕೋನ ಸರಿ. ಮೇಲ್ಗಡೆ ಮಾತ್ರ ಅಳಿಸಿದ್ದರೆ ಬೆನ್ನನ್ನು ಇನ್ನೂ ಸ್ವಲ್ಪ ಎತ್ತಿ.

ಒಂದೇ ಮಗ್ಗುಲನ್ನು ಬುಡದಿಂದ ತುದಿಯವರೆಗೆ ಸಮನಾಗಿ ಉಜ್ಜುತ್ತಾ ಹೋಗಿ. ಸ್ವಲ್ಪ ಹೊತ್ತಿಗೆ ಎದುರು ಮಗ್ಗುಲಿನಲ್ಲಿ ಕಣ್ಣಿಗೆ ಕಾಣದ ಒಂದು ತರಿ ಏಳುತ್ತದೆ. ಹೆಬ್ಬೆರಳನ್ನು ಬೆನ್ನಿನ ಕಡೆಯಿಂದ ಅಂಚಿನ ಆಚೆಗೆ ಮೆಲ್ಲಗೆ ಜಾರಿಸಿದರೆ ಉಗುರಿನ ಒರಟು ಅಂಚಿನಂತೆ ತಟ್ಟುತ್ತದೆ. ಈ ತರಿ ಪೂರ್ತಿ ಉದ್ದಕ್ಕೂ ಬರುವವರೆಗೆ ಮಗ್ಗುಲು ಬದಲಿಸಬೇಡಿ. ಹೆಚ್ಚಿನವರು ಎಡವುವುದು ಇಲ್ಲೇ, ಬೇಗ ಬದಲಿಸಿ ‘ಎಷ್ಟು ಮಸೆದರೂ ಹರಿತ ಬರಲ್ಲ’ ಅನ್ನುತ್ತಾರೆ. ತರಿ ಎದ್ದ ಮೇಲೆ ಇನ್ನೊಂದು ಮಗ್ಗುಲು, ಆಮೇಲೆ ನಯ ಕಲ್ಲು, ಕೈಭಾರ ಕಡಿಮೆ ಮಾಡುತ್ತಾ. ಕೊನೆಗೆ ಚರ್ಮದ ಬೆಲ್ಟಿನ ಒಳಮೈಯಲ್ಲಿ ಬೆನ್ನು ಮುಂದಾಗಿ ಎಳೆದರೆ ಉಳಿದ ತರಿಯೂ ಹೋಗುತ್ತದೆ. ಹಣ್ಣಾದ ಟೊಮೇಟೊ ಮೇಲೆ ಒತ್ತದೆ ಎಳೆದು ನೋಡಿ, ಸಿಪ್ಪೆ ತಾನಾಗಿ ಬಿಟ್ಟುಕೊಂಡರೆ ಆಯಿತು.

ಪೂರ್ತಿ ಮೊಂಡಾಗುವವರೆಗೆ ಕಾಯಬೇಡಿ. ಸ್ವಲ್ಪ ಜಾರುತ್ತಿದೆ ಅನ್ನಿಸಿದಾಗ ಪಿಂಗಾಣಿ ಕಪ್ಪಿನ ತಳದ ಹೊಳಪಿಲ್ಲದ ಉಂಗುರದ ಮೇಲೆ ಎರಡೂ ಕಡೆ ನಾಲ್ಕೈದು ಸಲ ಎಳೆದರೆ ಸಾಕು. ಅಲಗು ಕಡಿಮೆ ಸವೆಯುತ್ತದೆ.

ಅಲಗು ಅಲ್ಲಾಡಲು ಶುರುವಾದರೆ ಕ್ಲಿಪ್ಪಿನ ಚಾಕುಗಳಲ್ಲಿ ಕೀಲಿನ ಸ್ಕ್ರೂ ಬಿಗಿಮಾಡಬಹುದು. ನಕ್ಷತ್ರದಾಕಾರದ ಟಾರ್ಕ್ಸ್ ಬಿಟ್ ಬೇಕು. ಒಂದೇ ಸಲ ತಿರುವಬೇಡಿ, ಚೂರುಚೂರೇ ಬಿಗಿಮಾಡಿ ಪ್ರತಿ ಸಲವೂ ತೆರೆದು ನೋಡಿ. ವಿಕ್ಟೋರಿನಾಕ್ಸ್, ಒಪಿನೆಲ್‌ಗಳದ್ದು ರಿವೆಟ್ ಹೊಡೆದ ಕೀಲು, ಮನೆಯಲ್ಲಿ ಕೈಹಾಕಬೇಡಿ.

ಆಯುಧಪೂಜೆಗೆ ಚಾಕುವನ್ನೂ ಇಡುವವರು ಅದಕ್ಕೆ ಮೊದಲೇ ತೊಳೆದು ಮಸೆದು ಎಣ್ಣೆ ಹಾಕಿಬಿಡಿ. ಮಳೆಗಾಲದ ತೇವ ಕೀಲಿನಲ್ಲಿ ಉಳಿದಿದ್ದರೆ ಆಗ ಹೋಗುತ್ತದೆ. ಪೂಜೆಯಾದ ಮಾರನೇ ದಿನ ಅರಿಶಿನ ಕುಂಕುಮ ಒರೆಸುವುದನ್ನು ಮರೆಯಬೇಡಿ. ಒದ್ದೆ ಕುಂಕುಮದ ಕೆಳಗೆ ಕಾರ್ಬನ್ ಅಲಗು ಬೇಗ ತುಕ್ಕು ಹಿಡಿಯುತ್ತದೆ.

ತುಂಬಾ ದಿನ ಬಳಸದೆ ಇಡುವುದಾದರೆ ಚರ್ಮದ ಚೀಲದಲ್ಲಿ ಇಡಬೇಡಿ. ಚರ್ಮ ತೇವ ಹೀರಿ ಅಲಗಿಗೆ ಕೊಡುತ್ತದೆ. ಒಣ ಹತ್ತಿ ಬಟ್ಟೆಯಲ್ಲಿ ಸುತ್ತಿ, ಶೂ ಡಬ್ಬದಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಡಬ್ಬಿಯಲ್ಲಿ ಹಾಕಿ.

ವರ್ಷಗಟ್ಟಲೆ ಮಸೆದ ಮೇಲೆ ಅಲಗು ಅಗಲದಲ್ಲಿ ಸವೆಯುತ್ತದೆ. ಕೆಲವು ಚಾಕುಗಳಲ್ಲಿ ಮಡಚಿದಾಗಲೂ ತುದಿ ಹಿಡಿಯಿಂದ ಸ್ವಲ್ಪ ಹೊರಗೆ ಇಣುಕುತ್ತದೆ. ಜೇಬಿಗೆ ಕೈ ಹಾಕಿದಾಗ ಚುಚ್ಚುವುದು ಅದೇ. ಹಾಗಾದಾಗ ಬಾಯಿಯ ಕಡೆ ಮುಟ್ಟಬೇಡಿ. ತುದಿಯ ಹತ್ತಿರ ಬೆನ್ನನ್ನು ಒರಟು ಕಲ್ಲಿಗೆ ನೀರು ಹಾಕುತ್ತಾ ಉಜ್ಜಿ, ಮಡಚಿ ನೋಡಿ, ಮತ್ತೆ ಉಜ್ಜಿ. ತುದಿ ಹಿಡಿಯೊಳಗೆ ಇಳಿದು ಕೂತ ಕೂಡಲೇ ನಿಲ್ಲಿಸಿ.